ನಮ್ಮ ಚರ್ಚಿನ ಕಂಡಕ್ಟರನ್ನು ಡ್ಯೂಟಿಗೆ ವಾಪಸು ತೆಗೆದುಕೊಳ್ಳುವ ಬಗ್ಗೆ

ಸಭಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಚರ್ಚಿನ ಬಾಗಿಲಿಗೆ ತಾವು ಅಂಟಿಸಿದ ಸೂಚನೆಯನ್ನು ಓದಿದೆ. 'ಆರಾಧನೆಯ ವೇಳೆ ಎದ್ದು ಓಡಾಡುವವರಿಗೂ ಅನಗತ್ಯವಾಗಿ ಮಾತಾಡುವವರಿಗೂ ಒಳಗೆ ಪ್ರವೇಶವಿಲ್ಲ.' ಅಕ್ಷರ ದಪ್ಪಗಿದೆ, ಕಾಗದ ಒಳ್ಳೆಯದು, ಕಾಗುಣಿತದಲ್ಲಿ ಒಂದೂ ತಪ್ಪಿಲ್ಲ. ತಪ್ಪಿರುವುದು ಬೇರೆ ಕಡೆ. 'ಓಡಾಡುವವರು' ಎಂದು ತಾವು ಬಹುವಚನದಲ್ಲಿ ಬರೆದಿದ್ದೀರಿ, ಆದರೆ ಆ ಬಹುವಚನದೊಳಗೆ ಇರುವುದು ಒಬ್ಬರೇ ಎಂಬುದು ಸಭೆಯ ಕೂಸಿಗೂ ಗೊತ್ತು. ಹೊರಗೆ ಹಾಕುವಾಗಲೂ ಗೌರವದ ಬಹುವಚನ ಬಿಡಲಿಲ್ಲವಲ್ಲ, ಅದಕ್ಕೆ ಮೊದಲು ವಂದನೆ. ಈ ಪತ್ರವನ್ನು ತಮ್ಮ ಕೈಗೇ ಕೊಡಬಹುದಿತ್ತು. ಆದರೆ ತಮ್ಮ ಮಾತು ಬೀದಿಯಲ್ಲಿ ಹೋಗುವವರೆಲ್ಲ ಓದುವಂತಿತ್ತು. ಉತ್ತರವೂ ಹಾಗೇ ಇರಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ಯಾರೆಂದು ತಮಗೆ ಗೊತ್ತು, ಓದುಗರಿಗೆ ಗೊತ್ತಿಲ್ಲ. ಹಲ್ಲಿನ ಡಾಕ್ಟರುಗಳಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ನನ್ನ ಕಸುಬು. ಮನೆಯ ಮುಂದಿನ ಕೋಣೆಯಲ್ಲೇ ಮೇಣ, ಪ್ಲಾಸ್ಟರು, ತಿಕ್ಕುವ ಯಂತ್ರ ಎಲ್ಲವೂ ಇವೆ. ನಮ್ಮ ಸಭೆಯ ಹಿರಿಯರಲ್ಲಿ ಬಹಳ ಜನ ನಾನು ಮಾಡಿದ ಹಲ್ಲಿನಿಂದಲೇ ದೇವರನ್ನು ಸ್ತುತಿಸುತ್ತಾರೆ. ಯಾರ ಹಲ್ಲು ಯಾರದು ಎಂದು ಹೇಳುವುದು ನನ್ನ ಕಸುಬಿಗೆ ಶೋಭೆಯಲ್ಲ. ಆದ್ದರಿಂದ ತಾವು ಧೈರ್ಯವಾಗಿ ನಗಬಹುದು.

ನನ್ನ ಆ ಕೋಣೆಯ ಗೋಡೆಯ ಆಚೆಗೇ ಕಂಡಕ್ಟರಣ್ಣ ಮತ್ತು ಅವರ ಹೆಂಡತಿ ಇದ್ದಾರೆ. ಆಕೆಯನ್ನು ನಾನು ಅಕ್ಕ ಎನ್ನುತ್ತೇನೆ. ಅಣ್ಣ ತಮ್ಮ ಸರ್ವೀಸಿನಷ್ಟೂ ಕಾಲ ಊರ ಬಸ್ಸಿನಲ್ಲಿ ಟಿಕೆಟ್ ಹರಿದವರು. ಭಾನುವಾರವೂ ಡ್ಯೂಟಿ ಇರುತ್ತಿದ್ದದ್ದರಿಂದ ಚರ್ಚಿಗೆ ಅಕ್ಕ ಒಬ್ಬರೇ ಬರುತ್ತಿದ್ದರು. ನಿವೃತ್ತಿಯಾದ ಮೇಲೆ ಅಣ್ಣನ ನೆನಪು ಒಂದೊಂದಾಗಿ ಕಳಚತೊಡಗಿತು. ಮೊದಲು ನೆಂಟರ ಹೆಸರು ಹೋಯಿತು, ಆಮೇಲೆ ಬೀದಿಯ ಗುರುತು, ಆಮೇಲೆ ಉಂಡೆನೋ ಇಲ್ಲವೋ ಎಂಬುದು. ಕೊನೆಗೆ ಉಳಿದದ್ದು ಡ್ಯೂಟಿ. ಬೆಳಗಾದರೆ ಶರ್ಟು ಹಾಕಿಕೊಂಡು ಬಾಗಿಲಿಗೆ ಬಂದು ನಿಲ್ಲುವುದು, ಅಕ್ಕ ಕೈ ಹಿಡಿದು ಒಳಗೆ ಕರೆತರುವುದು, ಇವರು 'ಲೇಟಾಯ್ತು ಬಿಡೇ' ಎಂದು ಕೊಸರುವುದು, ಇಷ್ಟೂ ನನಗೆ ಗೋಡೆಯಾಚೆಯಿಂದ ಕೇಳುತ್ತದೆ. ನಾನು ತಿಕ್ಕುವ ಯಂತ್ರ ಶುರು ಮಾಡಿದರೆ ಬಸ್ಸು ಹೊರಟಿತೆಂದು ಗಾಬರಿಯಾಗುತ್ತಾರೆಂದು, ಈಗ ಅವರು ಮಲಗಿದ ಮೇಲೆಯೇ ಅದರ ಗುಂಡಿ ಒತ್ತುತ್ತೇನೆ.

ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿಲ್ಲವೆಂದು ಅಕ್ಕ ಅವರನ್ನು ಚರ್ಚಿಗೆ ಕರೆತಂದರು. ಒಳಗೆ ಕಾಲಿಟ್ಟು ಅಣ್ಣ ಕಂಡದ್ದೇನು? ಎರಡು ಸಾಲು ಸೀಟು, ನಡುವೆ ದಾರಿ. ಎಲ್ಲರ ಮುಖವೂ ಮುಂದಕ್ಕೆ. ಎದುರಿಗೆ ನಿಂತ ಒಬ್ಬರಿಗೆ ದಾರಿ ಗೊತ್ತಿದೆಯೆಂದು ನಂಬಿ ಹಿಂದೆ ಕೂತವರೆಲ್ಲ ಕಣ್ಣು ಮುಚ್ಚಿದ್ದಾರೆ. ಇದು ಬಸ್ಸಲ್ಲದೆ ಇನ್ನೇನು, ತಾವೇ ಹೇಳಿ. ನೆನಪು ಸರಿಯಿರುವ ನಮಗೆ ಇಷ್ಟು ವರ್ಷ ಹೊಳೆಯದೇ ಹೋದದ್ದೇ ಆಶ್ಚರ್ಯ.

ಹಾಡಿನ ನಡುವೆ ಎದ್ದೇಬಿಟ್ಟರು. "ಯಾರ್ ಟಿಕೆಟ್ ತಗೊಂಡಿಲ್ಲ, ಟಿಕೆಟ್, ಟಿಕೆಟ್" ಎನ್ನುತ್ತ ನಡುದಾರಿಯಲ್ಲಿ ಬಂದರು. ಅಕ್ಕ ಅವಮಾನದಿಂದ ಕುಗ್ಗಿಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಹಿಂದೆ ಓಡಿಬಂದರು. ಆ ಹೊತ್ತಿಗೆ ಅಣ್ಣ ನರ್ಸಮ್ಮನ ಮುಂದೆ ನಿಂತಾಗಿತ್ತು. ಊರಿನ ಅರ್ಧ ಜನರನ್ನು ತಲೆ ಹಿಡಿದು ಈ ಲೋಕಕ್ಕೆ ತಂದ ಹೆರಿಗೆ ಆಸ್ಪತ್ರೆಯ ಈ ನರ್ಸಮ್ಮನಿಗೆ ಈಗ ತೀರಾ ವಯಸ್ಸಾಗಿದೆ, ಬಾಯಿಗೆ ಮಾತ್ರ ಆಗಿಲ್ಲ. ಹಾಡಿನ ಪುಸ್ತಕ ಮಡಿಚಿ ಕೈಚಾಚಿದರು.

"ಒಂದು ಕೊಡಪ್ಪ."

"ಎಲ್ಲಿಗಮ್ಮ?"

"ಕೊನೇ ಸ್ಟಾಪಿಗೆ. ಆದ್ರೆ ನಂಗೇನೂ ಅವಸರ ಇಲ್ಲ, ನಿಧಾನಕ್ಕೇ ಹೋಗ್ಲಿ."

ಅಣ್ಣ ಕೈಯಲ್ಲಿದ್ದ ಆರಾಧನೆಯ ಹಾಳೆಯಿಂದ ಅಂಚು ಹರಿದು ಕೊಟ್ಟರು. ಪಕ್ಕದವರೂ ಕೈಚಾಚಿದರು, ಅವರ ಪಕ್ಕದವರೂ. ಹಾಡು ಮುಗಿಯುವಷ್ಟರಲ್ಲಿ ಟಿಕೆಟ್ ಕೊಟ್ಟು ಮುಗಿಯಿತು. ಅಣ್ಣ ಹಿಂದಿನ ಸೀಟಿಗೆ ಹೋಗಿ, ಕೆಲಸ ಮುಗಿಸಿದವರ ನೆಮ್ಮದಿಯಿಂದ ಕೂತು, ಸಭಾಪಾಲಕರ ಉಪದೇಶ ಪ್ರಸಂಗವಿಡೀ ಕೇಳಿದರು. ನಮ್ಮಲ್ಲಿ ಪ್ರಸಂಗವಿಡೀ ಕೇಳುವವರು ಎಷ್ಟು ಜನ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ.

ಅಲ್ಲಿಂದ ಅದು ರೂಢಿಯಾಯಿತು. ಬಾಗಿಲಲ್ಲಿ ಗುಂಪಾಗಿ ನಿಂತು ಹರಟುವವರನ್ನು "ಒಳಗೆ ಹೋಗಿ, ಒಳಗೆ ಜಾಗ ಇದೆ" ಎಂದು ಕಳಿಸುವುದು ಅಣ್ಣನ ಕೆಲಸ. ಸಭಾಪಾಲಕರಿಗೆ ಮಾತ್ರ ಟಿಕೆಟ್ ಇಲ್ಲ. "ನೀವು ಮುಂದೆ ನೋಡ್ಕೊಂಡು ಓಡ್ಸಿ ಡ್ರೈವರ್ರೇ" ಎನ್ನುವರು. ಪ್ರಸಂಗ ಒಂದೇ ಕಡೆ ನಿಂತುಬಿಟ್ಟಾಗ ಹಿಂದಿನಿಂದ "ರೈಟ್, ಹೋಗ್ಲಿ" ಎಂಬ ದನಿ ಬರುತ್ತಿತ್ತು, ಸಭಾಪಾಲಕರು ಬೆಚ್ಚಿ ಮುಂದಿನ ಮಾತಿಗೆ ದಾಟುತ್ತಿದ್ದರು. ತಮ್ಮ ಸಮಿತಿ ಎಷ್ಟೋ ಸಭೆ ಸೇರಿಸಿಯೂ ಸಾಧಿಸಲಾಗದ ಸುಧಾರಣೆ ಇದು. ಅಧ್ಯಕ್ಷರೇ, ಎದೆ ಮುಟ್ಟಿಕೊಂಡು ಹೇಳಿ, ತಾವೂ ಆಗ ಮೀಸೆಯಡಿಯಲ್ಲಿ ನಕ್ಕಿದ್ದೀರಿ.

ಆದರೆ ನಾನು ಹೇಳಬೇಕಾದದ್ದು ಅಕ್ಕನ ವಿಷಯ. ಭಾನುವಾರದ ಆ ಒಂದು ಗಂಟೆ ಅಣ್ಣನನ್ನು ಸಭೆಯೇ ನೋಡಿಕೊಳ್ಳುತ್ತಿತ್ತು. ಅಕ್ಕ ಹಿಂದಿನ ಮೂಲೆಯಲ್ಲಿ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದರು. ಒಮ್ಮೆ ಮನೆಗೆ ನಡೆಯುವಾಗ ನನ್ನ ಕೈ ಹಿಡಿದು, "ನಾನು ಪ್ರಾರ್ಥನೆ ಮಾಡ್ತಿದೀನಿ ಅಂದ್ಕೊಂಡಿರ್ತಾರೆ ಕಣೇ ಎಲ್ಲ. ನಾನು ನಿದ್ದೆ ಮಾಡ್ತಿರ್ತೀನಿ" ಎಂದರು.

"ಮಾಡಕ್ಕ," ಎಂದೆ. "ದೇವ್ರೇನೂ ಎಬ್ಸೋದಿಲ್ಲ."

"ಇವರೂ ಚರ್ಚಿಂದ ಬಂದ ದಿನ ಡ್ಯೂಟಿ ಮುಗೀತು ಅಂತ ತಣ್ಣಗೆ ಊಟ ಮಾಡ್ತಾರೆ. ಬಾಗ್ಲಿಗೆ ಹೋಗೋದಿಲ್ಲ. ನಂಗೆ ವಾರದಲ್ಲಿ ಹಬ್ಬ ಅಂದ್ರೆ ಅದೇ."

ಇನ್ನು, ತಮಗೆ ನೋವಾದ ಭಾನುವಾರಕ್ಕೆ ಬರುತ್ತೇನೆ. ನಮ್ಮ ಬೀದಿ ಗುಡಿಸುವ ಹೆಂಗಸು ಗಾಡಿಯನ್ನು ಬೇಲಿಗೆ ಒರಗಿಸಿ, ಮೆಟ್ಟಿಲ ಮೇಲೆ ನಿಂತು ಹಾಡು ಕೇಳುವುದು ಹಳೆಯ ಅಭ್ಯಾಸ. ಒಳಗೆ ಬಾ ಎಂದು ನಾವು ಯಾರೂ ಕರೆದಿರಲಿಲ್ಲ, ಬರಬೇಡ ಎಂದೂ ಹೇಳಿರಲಿಲ್ಲ. ನಮ್ಮದು ಅಷ್ಟು ನಯವಾದ ಸಭೆ. ಅಂದು ಅಣ್ಣ ಆಕೆಯನ್ನು ನೋಡಿ, "ಫುಟ್‌ಬೋರ್ಡ್ ಮೇಲೆ ನಿಲ್ಬಾರ್ದಮ್ಮ, ಬಿದ್ರೆ ಯಾರು ಜವಾಬ್ದಾರಿ?" ಎಂದು ಕೈಹಿಡಿದು ಒಳಗೆ ಕರೆತಂದರು. ಹಿಂದೆ ಜಾಗವಿರಲಿಲ್ಲ. ಮುಂದೆ, ತಮ್ಮ ಬೆಂಚಿನಲ್ಲಿ, ತಾವೂ ತಮ್ಮ ಶ್ರೀಮತಿಯವರೂ ತಮ್ಮ ಕೋಟೂ ಕೂತಿದ್ದಿರಿ. ಕೋಟಿಗೂ ಒಂದು ಸೀಟು ಬೇಕಿತ್ತು.

"ಸ್ವಲ್ಪ ಒತ್ತಿ ಕೂತ್ಕೊಳ್ಳಿ ಸಾರ್."

ತಾವು ತಗ್ಗಿದ ದನಿಯಲ್ಲಿ ಹೇಳಿದಿರಿ: "ಇದು ನಮ್ಮ ಮನೆತನದ ಬೆಂಚು. ಹಿಂದೆ ಕೂರ್ಸಿ."

"ಸೀಟಿಗೆ ಯಾರ ಹೆಸ್ರೂ ಬರ್ದಿರೋದಿಲ್ಲ ಸಾರ್."

"ಬರ್ದಿದೆ. ನೋಡಿ ಇಲ್ಲಿ." ಬೆಂಚಿನ ತುದಿಯ ಹಿತ್ತಾಳೆ ಫಲಕವನ್ನು ತಾವು ತೋರಿಸಿದಿರಿ. ಬೆಂಚು ದಾನ ಮಾಡಿದ ತಮ್ಮ ತಾತನವರ ಹೆಸರು ಅದರಲ್ಲಿದೆ. ಅಣ್ಣ ಬಗ್ಗಿ, ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದರು.

"ಇವ್ರು ಆಗ್ಲೇ ಇಳಿದು ಹೋಗಿದಾರಲ್ಲ ಸಾರ್."

ತಾವು ಅಲುಗಲಿಲ್ಲ. ಅಣ್ಣ ಕಾನೂನಿನ ಪ್ರಕಾರ ಮುಂದಿನ ಹೆಜ್ಜೆ ಇಟ್ಟರು. "ಟಿಕೆಟ್ ತೋರ್ಸಿ." ಟಿಕೆಟ್ ಬೇಕಿಲ್ಲ ಎಂದಿರಿ. "ಹಾಗಾದ್ರೆ ಇಳೀಬೇಕಾಗುತ್ತೆ. ಹೋಲ್ಡಾನ್" ಎಂದು ಅಣ್ಣ ಕೂಗಿದರು. ಪೀಠದ ಮೇಲೆ ಸಭಾಪಾಲಕರು, ಪಾಪ, ನಿಜವಾಗಿಯೂ ನಿಲ್ಲಿಸಿಬಿಟ್ಟರು. ಅಂದು ಅವರು ಹೇಳುತ್ತಿದ್ದದ್ದು ಯಾವ ಕಥೆ ಎಂಬುದು ತಮಗೆ ನೆನಪಿದೆಯೇ? ದಾರಿಯಲ್ಲಿ ಏಟು ತಿಂದು ಬಿದ್ದವನನ್ನು ನೋಡಿ ಆಚೆ ಬದಿಯಿಂದ ನಡೆದುಹೋದ ದೊಡ್ಡವರ ಕಥೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ನಗು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಗುಡಿಸುವ ಹೆಂಗಸು ಮಾತ್ರ ನಗಲಿಲ್ಲ. ತಲೆ ತಗ್ಗಿಸಿಕೊಂಡು ಹೊರಗೆ ಹೋಗಿ ಗಾಡಿ ತಳ್ಳಿಕೊಂಡು ಹೋದಳು. ಮುಂದಿನ ವಾರ ಬಾಗಿಲ ಮೇಲೆ ಸೂಚನೆ.

ತಮ್ಮ ಮುಖಕ್ಕೆ ಆದದ್ದು ಚಿಕ್ಕ ಪೆಟ್ಟಲ್ಲ ಎಂದು ಒಪ್ಪುತ್ತೇನೆ. ಚರ್ಚಿನ ಚಾವಣಿ ಸೋರದಂತೆ ಮಾಡಿಸಿದ್ದು ತಾವು, ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬರುವವರು ತಾವು. ಆದರೆ ಶಿಸ್ತು ಶಿಸ್ತು ಎಂದಿರಲ್ಲ, ಅದರ ಬಗ್ಗೆ ಒಂದು ಸಂಶಯ. ನಾವು ಯಾರನ್ನು ಆರಾಧಿಸಲು ಅಲ್ಲಿ ಸೇರುತ್ತೇವೋ ಆ ಕರ್ತನು ದೇವಾಲಯದಲ್ಲಿ ಎದ್ದು ಓಡಾಡಿದವನು, ಹಿರಿಯರ ಮಾತಿಗೆ ಅಡ್ಡ ಮಾತಾಡಿದವನು, ಮೇಜುಗಳನ್ನು ಉರುಳಿಸಿದವನು. ನಮ್ಮ ಕಂಡಕ್ಟರಣ್ಣ ಈವರೆಗೆ ಒಂದು ಸ್ಟೂಲನ್ನೂ ಉರುಳಿಸಿಲ್ಲ. ತಮ್ಮ ಸೂಚನೆ ಇರುವ ಬಾಗಿಲಿನಲ್ಲಿ ಕರ್ತನು ಬಂದು ನಿಂತರೆ ಒಳಗೆ ಬಿಡಲು ಯಾವ ಕಲಮಿನಡಿ ಅವಕಾಶವಿದೆ? ರೋಗಿಗಳು, ಕುರುಡರು, ಮೈಮೇಲೆ ಪ್ರಜ್ಞೆ ಇಲ್ಲದವರು ಗುಂಪುಗುಂಪಾಗಿ ಅವನ ಹಿಂದೆ ಬಿದ್ದು ಕೂಗಿದಾಗ, ಸುಮ್ಮನಿರಿ ಎಂದು ಗದರಿದವರು ಯಾರು, ಕರೆತನ್ನಿ ಎಂದವನು ಯಾರು? ನಾವು ಯಾವ ಕಡೆಯವರೆಂದು ಅಳೆಯಲು ಇದಕ್ಕಿಂತ ಸುಲಭದ ಪರೀಕ್ಷೆ ಬೇಕೆ?

ಸೂಚನೆ ಬಂದ ಭಾನುವಾರ ಅಕ್ಕ ಎಂದಿನಂತೆ ಅಣ್ಣನಿಗೆ ಕ್ಷೌರ ಮಾಡಿಸಿ ಕರೆತಂದರು. ಬಾಗಿಲಲ್ಲಿ ನಿಂತಿದ್ದವರು ಕೈ ಅಡ್ಡ ಹಿಡಿದು, ತಲೆ ಎತ್ತದೆ, ಬಾಗಿಲ ಮೇಲಿನ ಸೂಚನೆಯ ಕಡೆ ತೋರಿಸಿದರು. ಅಕ್ಕ ಓದಿದರು. ಜಗಳ ಆಡುವ ಹೆಂಗಸಲ್ಲ ಆಕೆ. ಅಣ್ಣನ ತೋಳು ಹಿಡಿದು ಮೆಲ್ಲಗೆ, "ಬನ್ನಿ, ಇವತ್ತು ಬಸ್ ಕೆಟ್ಟಿದೆಯಂತೆ. ಹೋಗಲ್ವಂತೆ" ಎಂದರು.

ಅಣ್ಣ ಒಳಗೆ ಇಣುಕಿದರು. ನಾವೆಲ್ಲ ಕೂತಿದ್ದೆವು.

"ಹೋಗ್ದಿರೋ ಬಸ್ಸಲ್ಲಿ ಇವ್ರೆಲ್ಲ ಯಾಕೆ ಕೂತಿದಾರೆ?"

ಆ ಪ್ರಶ್ನೆ ಕೇಳಿಸಿದ ಮೇಲೆ ಆರಾಧನೆಯಲ್ಲಿ ಏನು ಹಾಡಿದೆವು, ಏನು ಓದಿದೆವು, ನನಗೆ ನೆನಪಿಲ್ಲ. ಶಿಸ್ತಂತೂ ಚೆನ್ನಾಗಿತ್ತು.

ಡ್ಯೂಟಿ ತಪ್ಪಿದ ಅಣ್ಣ ಆ ವಾರ ಮನೆಯಲ್ಲಿ ನಿಲ್ಲಲಿಲ್ಲ. ಅಕ್ಕ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಬಾಗಿಲು ತೆಗೆದುಕೊಂಡು ಹೋಗಿಬಿಟ್ಟರು. ಅಕ್ಕ ಬಸ್ ನಿಲ್ದಾಣದ ಕಡೆ ಓಡಿದರು, ನಾನು ಮಾರುಕಟ್ಟೆಯ ಕಡೆ. ಆ ಓಟದಲ್ಲೇ ಅಕ್ಕ ರಸ್ತೆಯ ಅಂಚಿನಿಂದ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಅಣ್ಣ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಹೊರರೋಗಿಗಳು ಕಾಯುವ ಹಾಲಿನಲ್ಲಿ, ಸಾಲು ಕುರ್ಚಿಗಳ ನಡುವೆ, "ತಳ್ಬೇಡಿ, ಎಲ್ರಿಗೂ ಸೀಟಿದೆ" ಎನ್ನುತ್ತ ಟಿಕೆಟ್ ಕೊಡುತ್ತಿದ್ದರು. ಕಾದು ಕಾದು ಬೇಸತ್ತಿದ್ದ ರೋಗಿಗಳು ಖುಷಿಯಿಂದಲೇ ತೆಗೆದುಕೊಳ್ಳುತ್ತಿದ್ದರಂತೆ. ಅಲ್ಲಿ ಅವರನ್ನು ಗುರುತಿಸಿದ್ದು ಯಾರು ಗೊತ್ತೇ? ಕೆಮ್ಮಿಗೆ ಔಷಧಿ ತರಲು ಹೋಗಿದ್ದ ನಮ್ಮ ಗುಡಿಸುವ ಹೆಂಗಸು. ತನ್ನ ಸರದಿ ಬಿಟ್ಟು, ಬಿಸಿಲಿನಲ್ಲಿ ಅಣ್ಣನನ್ನು ನಡೆಸಿಕೊಂಡು ಮನೆಗೆ ತಂದಳು.

"ಅದು ಹ್ಯಾಗಮ್ಮ ನಿನ್ನ ಮಾತು ಕೇಳಿ ಬಂದ್ರು?" ಎಂದು ಕೇಳಿದೆ.

"ಅಣ್ಣಾ, ಈ ಬಸ್ಸು ಡಿಪೋಗೆ ಹೋಗುತ್ತೆ, ಇಳೀರಿ ಅಂದೆ. ಇಳಿದ್ರು."

ದಾರಿಯಲ್ಲಿ ಬಿದ್ದವನನ್ನು ಕೊನೆಗೆ ಪರಕೀಯನೊಬ್ಬ ಎತ್ತಿ ಉಪಚರಿಸಿದ ಕಥೆಯನ್ನು ಆ ಭಾನುವಾರ ನಾವೆಲ್ಲ ಕೂತು ಕೇಳಿದ್ದೆವು. ಅದನ್ನು ಮಾಡಿ ತೋರಿಸಿದ್ದು ಕೂರಲು ಜಾಗ ಸಿಗದವಳು.

ಈಗ ಆ ಮನೆಗೆ ಸರದಿಯ ಮೇಲೆ ಹೋಗುತ್ತಿದ್ದೇವೆ. ಬೆಳಿಗ್ಗೆ ನರ್ಸಮ್ಮ, ಮಧ್ಯಾಹ್ನ ನಾನು. ಕೆಲಸ ಮುಗಿಸಿ ಬರುವ ಗುಡಿಸುವ ಹೆಂಗಸು ಕೈ ತಿಕ್ಕಿ ತೊಳೆದುಕೊಂಡು ಅಕ್ಕನ ತಲೆ ಬಾಚುತ್ತಾಳೆ, ಒಂದೇ ಕೈಯಲ್ಲಿ ಕೂದಲು ಕಟ್ಟಿಕೊಳ್ಳಲು ಆಗುವುದಿಲ್ಲವಲ್ಲ. ಅಕ್ಕನ ಕೈಗೆ ಹಾಕಿದ ಪ್ಲಾಸ್ಟರನ್ನು ನಾನು ಕಸುಬಿನವಳ ಕಣ್ಣಿನಿಂದ ಪರೀಕ್ಷಿಸಿದೆ, ಕೆಲಸ ಒರಟು. ಸಭಾಪಾಲಕರೂ ಬಂದು ಹೋಗುತ್ತಾರೆ. ಮೃದು ಮನುಷ್ಯ. ತಮ್ಮ ಹುಬ್ಬು ಮೇಲೇರಿದರೆ ಅವರ ದನಿ ಕೆಳಗಿಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಒಂದು ದಿನ ಅಕ್ಕನ ಎದುರು ಕೂತು ಟೋಪಿಯನ್ನು ಕೈಯಲ್ಲಿ ತಿರುವುತ್ತಿದ್ದರು. ನರ್ಸಮ್ಮ ಸುಮ್ಮನಿರಲಿಲ್ಲ.

"ಅಧ್ಯಕ್ಷರ ಮಾತು ಮೀರೋದು ಬೇಡ ಅಯ್ಯನವರೇ. ಬಾಗ್ಲಲ್ಲಿ ಏನು ಬರ್ದಿದಾರೋ ಹಾಗೇ ಮಾಡೋಣ. ಪೂರ್ತಿಯಾಗಿ ಮಾಡೋಣ."

ಕಳೆದ ಭಾನುವಾರ ತಾವು ಕಂಡದ್ದು ಅದೇ. ಕಾಣಿಕೆಯ ಹೊತ್ತು ಬಂತು, ಚೀಲ ಹಿಡಿದವರು ಏಳಲಿಲ್ಲ. ತಾವು ಹುಬ್ಬು ಎತ್ತಿದಿರಿ. ಅವರು ವಿನಯದಿಂದ, "ಓಡಾಡೋ ಹಾಗಿಲ್ವಲ್ಲ ಸಾರ್" ಎಂದರು. ಚೀಲ ಅವರ ತೊಡೆಯ ಮೇಲೆ ಚಪ್ಪಟೆಯಾಗಿಯೇ ಮಲಗಿತ್ತು. ಪ್ರಕಟಣೆ ಓದಲು ತಾವು ಎದ್ದಿರಿ. ನರ್ಸಮ್ಮ ತುಟಿಯ ಮೇಲೆ ಬೆರಳಿಟ್ಟು, ಅನಗತ್ಯ ಮಾತು ಎಂಬಂತೆ ತಲೆಯಾಡಿಸಿದರು. ತಾವು ಕೂತಿರಿ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ವೇಳೆ ಸಭಾಪಾಲಕರು ರೊಟ್ಟಿಯ ತಟ್ಟೆ ಹಿಡಿದು ನಿಂತರು. ಮುಂದೆ ಹೋಗಬೇಕಾದವರು ಯಾರೂ ಜಾಗ ಬಿಟ್ಟು ಕದಲಲಿಲ್ಲ. ಇಷ್ಟು ಶಿಸ್ತಿನ ಆರಾಧನೆಯನ್ನು ನಮ್ಮ ಚರ್ಚು ಕಟ್ಟಿದಂದಿನಿಂದ ಯಾರೂ ಕಂಡಿರಲಿಕ್ಕಿಲ್ಲ.

ಸಭಾಪಾಲಕರು ತಟ್ಟೆ ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ಅವರ ಬಾಯಿಂದ ಬಂದದ್ದು ಮನೆಮಾತು.

"ಹಾಗಾದ್ರೆ ನಾನೇ ಎದ್ದು ಓಡಾಡ್ತೀನಿ. ಹೊರಗೆ ಹಾಕೋದಾದ್ರೆ ನನ್ನನ್ನೂ ಹಾಕಿ."

ತಟ್ಟೆ ಒಂದು ಕೈಯಲ್ಲಿ, ಬಟ್ಟಲು ಒಂದು ಕೈಯಲ್ಲಿ. ನಡುದಾರಿಯಲ್ಲಿ ನಡೆದು, ಬಾಗಿಲು ದಾಟಿ, ಮೆಟ್ಟಿಲಿಳಿದು ಬೀದಿಗೆ ಹೋದರು. ಅವರ ಕಾಲು ಎಲ್ಲೂ ನಿಲ್ಲಲಿಲ್ಲ. ನಾವು ಒಬ್ಬೊಬ್ಬರಾಗಿ ಹಿಂಬಾಲಿಸಿದೆವು. ಎಲ್ಲರೂ ಬಂದರು ಎಂದು ಸುಳ್ಳು ಹೇಳುವುದಿಲ್ಲ. ಕೆಲವರು ತಮ್ಮ ಮುಖ ನೋಡಿ ಕೂತೇ ಇದ್ದರು.

ಅಣ್ಣ ಮನೆಯ ಗೇಟಿನಲ್ಲೇ ನಿಂತಿದ್ದರು. ಸಭಾಪಾಲಕರನ್ನು ನೋಡಿದ್ದೇ, "ಏನ್ ಡ್ರೈವರ್ರೇ, ಇಷ್ಟು ಲೇಟಾ?" ಎಂದರು.

"ತಪ್ಪಾಯ್ತಣ್ಣ," ಎಂದರು ಸಭಾಪಾಲಕರು. ಅದನ್ನು ಅವರು ಆಟಕ್ಕೆ ಹೇಳಲಿಲ್ಲ.

"ಸರಿ, ಸರಿ. ನೂಕ್ಬೇಡಿ, ಸಾಲಾಗಿ ಹತ್ತಿ." ಹಳೆಯ ಕ್ಯಾಲೆಂಡರಿನ ಹಾಳೆ ಹರಿಯುತ್ತ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಆ ಪುಟ್ಟ ಮನೆಯಲ್ಲಿ ಕೆಲವರು ಮಂಚದ ಮೇಲೆ, ಕೆಲವರು ಹೊಸ್ತಿಲ ಮೇಲೆ, ಗುಡಿಸುವ ಹೆಂಗಸು ಅಕ್ಕನ ಪಕ್ಕದಲ್ಲಿ. ಅಕ್ಕ ಎಡಗೈ ಚಾಚಿ ರೊಟ್ಟಿ ತೆಗೆದುಕೊಂಡರು. ಗೋಡೆಗೊರಗಿ ಕಣ್ಣು ಮುಚ್ಚಿದರು. ನಿದ್ದೆ ಬಂದಿತ್ತೋ ಅಳು ಬಂದಿತ್ತೋ ನಾವು ಯಾರೂ ವಿಚಾರಿಸಲಿಲ್ಲ.

ಆದ್ದರಿಂದ, ಮಾನ್ಯರೇ, ಕೇಳುವುದು ಇಷ್ಟು. ಆ ಸೂಚನೆಯನ್ನು ಕಿತ್ತುಹಾಕಿ. ಅಂಟು ಗಟ್ಟಿಯಾಗಿದ್ದರೆ ಹೇಳಿ, ಬಿಡಿಸುವ ದ್ರಾವಣ ನನ್ನ ಬಳಿ ಇದೆ. ಕಂಡಕ್ಟರಣ್ಣನನ್ನು ಮರ್ಯಾದೆಯಿಂದ ಡ್ಯೂಟಿಗೆ ಕರೆಯಿರಿ. ಅಕ್ಕನ ಆ ಒಂದು ಗಂಟೆಯನ್ನು ಅವರಿಗೆ ಹಿಂದಿರುಗಿಸಿ. ಗುಡಿಸುವ ಹೆಂಗಸು ಮೆಟ್ಟಿಲ ಮೇಲೆ ಕಂಡರೆ ತಾವೇ ಎದ್ದುಹೋಗಿ ಕರೆಯಿರಿ, ಬೆಂಚಿನಲ್ಲಿ ಒತ್ತಿ ಕೂತುಕೊಳ್ಳಿ. ಕೋಟನ್ನು ತೊಡೆಯ ಮೇಲೆ ಇಟ್ಟುಕೊಂಡರೂ ಅದಕ್ಕೆ ಬೇಸರವಾಗುವುದಿಲ್ಲ.

ಇನ್ನೊಂದು ವಿಷಯ ತಮಗೆ ತಿಳಿದಿದೆಯೋ ಇಲ್ಲವೋ. ಅಂದು ಕೊನೆಯಲ್ಲಿ ಗೇಟಿಗೆ ಬಂದವರು ತಮ್ಮ ಶ್ರೀಮತಿಯವರು. ತಾವು ಬೆಂಚಿನಲ್ಲೇ ಕೂತಿದ್ದಿರಿ, ಅವರೊಬ್ಬರೇ ನಡೆದು ಬಂದಿದ್ದರು. ಅಣ್ಣ ಒಂದು ಚೂರು ಹರಿದು ಕೊಟ್ಟರು. ಅವರು ಇನ್ನೊಂದು ಕೇಳಿದರು.

"ಇನ್ನೊಂದು ಯಾರಿಗಮ್ಮ?"

"ನಮ್ಮ ಮನೆಯವ್ರಿಗಪ್ಪ. ಮುಂದಿನ ಬಸ್ಸಲ್ಲಿ ಬರ್ತಾರೆ."

ಅಣ್ಣ ಯಾವ ಪ್ರಶ್ನೆಯನ್ನೂ ಕೇಳದೆ ಕೊಟ್ಟರು. ಅದು ಅವರ ಕೈಚೀಲದಲ್ಲಿದೆ. ಕೇಳಿ ತೆಗೆದುಕೊಳ್ಳಿ, ಮತ್ತು ಈ ಭಾನುವಾರವೇ ಬನ್ನಿ.

ಇಂತಿ,
ಈ ಪತ್ರ ಅಚ್ಚಾಗುವವರೆಗಾದರೂ ತಮ್ಮ ಸಭೆಯ ಸದಸ್ಯೆಯಾಗಿರುವ
ಪಕ್ಕದ ಮನೆಯವಳು